ಓಬುಲೇಶ್ ಡಾಕ್ಟರ ಅರ್ಧ ವಾಕ್ಯ

ರಾಯದುರ್ಗದ ಡಾಕ್ಟರ್ ಓಬುಲೇಶ್ ಅವರದು ಒಂದು ವಾಕ್ಯ ಅರ್ಧಕ್ಕೆ ನಿಂತುಬಿಟ್ಟಿತ್ತು. ನಿಂತದ್ದು ಮನೆಯ ಕಟ್ಟೆಯ ಮೇಲಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ನಿಂತದ್ದು ಆಂಧ್ರದ ವಿಧಾನಸಭೆಯಲ್ಲಿ. ಐದು ವರ್ಷ ಶಾಸಕರಾಗಿದ್ದ ಅವರಿಗೆ ಆ ಐದು ವರ್ಷದಲ್ಲಿ ಮೈಕು ಸಿಕ್ಕಿದ್ದು ಒಂದೇ ಒಂದು ಸಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಅಧ್ಯಕ್ಷಾ, ಮಾ ಗುಮ್ಮಘಟ್ಟ ಮಂಡಲಂಲೋ..." ಎಂದು ತೆಲುಗಿನಲ್ಲಿ ಶುರುಮಾಡಿದ್ದೇ ತಡ, ಆ ಕಡೆಯವರು ಈ ಕಡೆಯವರ ಮೇಲೆ ಕೂಗಿದರು, ಈ ಕಡೆಯವರು ಆ ಕಡೆಯವರ ಮೇಲೆ ಕೂಗಿದರು, ಸಭೆ ಮುಂದಕ್ಕೆ ಹೋಯಿತು. ಮೈಕಿನ ಕೆಂಪು ದೀಪ ಆರಿಹೋಯಿತು. ನಾಳೆ ಮಾತಾಡುವಿರಂತೆ ಎಂದವರು ಮತ್ತೆ ಅವರ ಕಡೆ ನೋಡಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು, ಡಾಕ್ಟರು ಸೋತರು, ಬೀಗ ಹಾಕಿದ್ದ ದವಾಖಾನೆಯ ಬಾಗಿಲು ತೆರೆದು ಮತ್ತೆ ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡರು. ವಾಕ್ಯ ಮಾತ್ರ ಗಂಟಲಲ್ಲೇ ಉಳಿಯಿತು.

ಆ ವಾಕ್ಯಕ್ಕೆ ಕಾರಣ ಪಾಲಮ್ಮ ಎಂಬ ಹೆಂಗಸು. ಡಾಕ್ಟರು ರಾಜಕೀಯದ ಮುಖವನ್ನೇ ನೋಡಿರದ ಕಾಲದಲ್ಲಿ, ಒಂದು ಮಧ್ಯಾಹ್ನ, ಗುಮ್ಮಘಟ್ಟದ ಕಡೆಯಿಂದ ಬಂದ ಶೇರ್ ಆಟೋ ಒಂದು ದವಾಖಾನೆಯ ಮುಂದೆ ನಿಂತಿತು. ಇವರು ಓಡಿ ಹೋಗುವಷ್ಟರಲ್ಲಿ ಪಾಲಮ್ಮನ ಮಗು ಆಟೋದಲ್ಲೇ ಹುಟ್ಟಿ, ಸಂತೆಗೆ ಹೊರಟಿದ್ದ ಎರಡು ಕುರಿಗಳ ನಡುವೆ ಗಟ್ಟಿಯಾಗಿ ಅಳುತ್ತಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಡಾಕ್ಟರಿಗೆ ಅಂದು ಊಟ ಸೇರಲಿಲ್ಲ. ಆ ಕಡೆಯ ಹಳ್ಳಿಗಳ ಬಸುರಿಯರಿಗೆ ಹತ್ತಿರದಲ್ಲೇ ಒಂದು ಹೆರಿಗೆ ವಾರ್ಡು, ಅದಕ್ಕೆ ಹಗಲೂ ರಾತ್ರಿ ಒಬ್ಬ ಡಾಕ್ಟರು ಬೇಕು ಎಂದು ಕೇಳಬೇಕು. ಕೇಳುವುದಾದರೆ ಕೇಳಬೇಕಾದ ಜಾಗದಲ್ಲೇ ನಿಂತು ಕೇಳಬೇಕು ಎಂದುಕೊಂಡೇ ಅವರು ಚುನಾವಣೆಗೆ ನಿಂತದ್ದು. ಆಟೋದಲ್ಲಿ ಹುಟ್ಟಿದ ಆ ಹುಡುಗ ಯುವರಾಜ್ ಈಗ ಮೀಸೆ ಬಂದ ಗಂಡಸಾಗಿ ಅದೇ ದಾರಿಯಲ್ಲಿ ಆಟೋ ಓಡಿಸುತ್ತಿದ್ದಾನೆ. ವಾಕ್ಯ ಇನ್ನೂ ಗುಮ್ಮಘಟ್ಟ ದಾಟಿಲ್ಲ.

ಅದನ್ನು ಮುಗಿಸಬೇಕೆಂಬ ಹಂಬಲ ಡಾಕ್ಟರನ್ನು ಹಲ್ಲುನೋವಿನ ಹಾಗೆ ಕಾಡುತ್ತಿತ್ತು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಚೊಂಬನ್ನು ಬಾಯಿಯ ಹತ್ತಿರ ಹಿಡಿದು, "ಅಧ್ಯಕ್ಷಾ!" ಎಂದು ಶುರುಮಾಡುತ್ತಿದ್ದರು. ಹೆಂಡತಿ ಆದಿಲಕ್ಷ್ಮಿ ಮಡಕಶಿರಾ ಪಕ್ಕದ ರೊಳ್ಳದವರು. ಇಷ್ಟು ವರ್ಷ ರಾಯದುರ್ಗದ ನೀರು ಕುಡಿದರೂ ತವರಿನ ಮಾತು ಬಿಟ್ಟವರಲ್ಲ.

"ರೀ, ಅಧ್ಯಕ್ಷರು ಹೇಳ್ತಾವ್ರೆ, ನಲ್ಲಿ ನೀರು ನಿಂತೋಯ್ತದಂತೆ. ಬಿರ್ನೆ ಬನ್ನಿ ಈಚೆಗೆ!" ಎಂದು ಅವರು ಹೊರಗಿನಿಂದ ಕೂಗುತ್ತಿದ್ದರು. ಅಲ್ಲಿಗೆ ಬಚ್ಚಲಿನ ಸಭೆಯೂ ಮುಗಿಯುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಬಚ್ಚಲಿನಿಂದ ಹೊರಬರುವ ಹೊತ್ತಿಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅನಂತಪುರದ ಪಕ್ಷದ ಆಫೀಸಿನಿಂದ ಪವನ್. ಡಾಕ್ಟರ ಮೇಲೆ ಅಭಿಮಾನ ಇದ್ದ ಹುಡುಗ, ಆದರೆ ಯಾವ ಸುದ್ದಿಯನ್ನೂ ಪೂರ್ತಿ ಹೇಳಿದವನಲ್ಲ.

"ಸಾರ್, ಇವತ್ತು ನಿಮ್ಮ ಊರಿಗೆ ಪರಿಶೀಲಕರು ಬರ್ತಾರ್ರಿ. ಹೇಳದ ಕೇಳದ ಬಂದು ಜನದ ನಡುವ ಕುಂತು ಮಾತು ಕೇಳ್ತಾರ. ಈ ಸಲದ ಟಿಕೆಟ್ಟು ಅವರ ನಾಲಿಗಿ ಮ್ಯಾಲ ಐತ್ರಿ."

"ನೋಡಾಕ ಹೆಂಗದಾರಪಾ?"

"ದೊಡ್ಡ ಮನುಷ್ಯಾರ್ರಿ ಸಾರ್. ನೋಡಿದ್ರನ ಗೊತ್ತಾಗತೈತಿ" ಎಂದ ಪವನ್. ಅಷ್ಟಕ್ಕೇ ಲೈನು ಕಟ್ಟಾಯಿತು.

ಈ ಒಂದು ಮಾತೇ ಆ ದಿನದ ರಾಮಾಯಣಕ್ಕೆಲ್ಲ ಕಾರಣವಾಯಿತು. ಡಾಕ್ಟರು ಟ್ರಂಕಿನ ತಳದಿಂದ ಶಾಸಕರಾಗಿದ್ದಾಗಿನ ಬಿಳಿ ಖಾದಿ ಅಂಗಿ ತೆಗೆದು ಹಾಕಿಕೊಂಡರು. ನಡುವಿನ ವರ್ಷಗಳಲ್ಲಿ ಹೊಟ್ಟೆ ಬೆಳೆದಿತ್ತು, ಅಂಗಿ ಬೆಳೆದಿರಲಿಲ್ಲ. ಆದಿಲಕ್ಷ್ಮಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು.

"ಗುಂಡಿ ಹಾಕ್ಕಂಡ್ರೆ ಉಸಿರಾಡಕ್ಕೆ ಆಗಲ್ಲ ಕಣ್ರೀ."

"ಟಿಕೆಟ್ಟು ಬರೋತನಕ ಉಸಿರಾಡಂಗಿಲ್ಲ" ಎಂದು ಡಾಕ್ಟರು ಮೆಟ್ಟಿಲಿಳಿದರು. ಮನೆ ಮೇಲೆ, ದವಾಖಾನೆ ಕೆಳಗೆ.

ಕೆಳಗೆ ಕಾಂಪೌಂಡರ್ ಮೂಕಪ್ಪ ಟೋಕನ್ ಕೊಡುತ್ತಿದ್ದ. ಆ ಹೆಸರಿಟ್ಟ ತಂದೆತಾಯಿಗೆ ಮುಂದಿನದು ಗೊತ್ತಿರಲಿಲ್ಲ. ಅವನ ಬಾಯಿ ಮುಚ್ಚಿದ್ದನ್ನು ರಾಯದುರ್ಗದಲ್ಲಿ ಕಂಡವರಿಲ್ಲ. ಡಾಕ್ಟರು ಅವನ ಕಿವಿಯಲ್ಲಿ ಗುಟ್ಟಾಗಿ ಹೇಳಿದ ವಿಷಯವನ್ನು ಅವನು ಅಷ್ಟೇ ಗುಟ್ಟಾಗಿ ಔಷಧಿ ಅಂಗಡಿಯವನಿಗೆ, ಮಿರ್ಚಿ ಬಂಡಿಯವನಿಗೆ, ಎದುರಿನ ಜೀನ್ಸ್ ಹೊಲಿಯುವ ಶೆಡ್ಡಿನವರಿಗೆಲ್ಲ ಹೇಳಿ ಬಂದ.

ಶನಿವಾರವಾದ್ದರಿಂದ ದವಾಖಾನೆ ತುಂಬಿತ್ತು. ಮಿಷನ್ ತುಳಿದು ತುಳಿದು ಸೊಂಟ ಹಿಡಿದ ಟೈಲರುಗಳು, ಕೆಮ್ಮುವ ಮುದುಕರು, ಕುಯ್ಯೋ ಎನ್ನುವ ಕೂಸುಗಳು. ಬಾಗಿಲ ಬಳಿಯ ಬೆಂಚನ್ನು ಗುಮ್ಮಘಟ್ಟದ ಸಣ್ಣಕ್ಕ ಇಡಿಯಾಗಿ ಹಿಡಿದಿದ್ದಳು. ಮಂಡಿನೋವಿನ ಸಣ್ಣಕ್ಕನಿಗೆ ಕಾಲು ಚಾಚಲು ಒಂದು ಬೆಂಚು ಬೇಕು, ಮಾತಾಡಲು ಇಡೀ ಹಜಾರ ಬೇಕು. ಮೊಮ್ಮಗಳು ರಮ್ಯಾಗೆ ದಿನ ತುಂಬಿದೆ ಎಂಬುದನ್ನು ಅವಳು ಬಂದವರಿಗೆಲ್ಲ ಹೇಳಿ, ಕೇಳದವರಿಗೂ ಎರಡು ಸಲ ಹೇಳಿದ್ದಳು.

ಹತ್ತು ಗಂಟೆಯ ಸುಮಾರಿಗೆ ಮೂಕಪ್ಪ ಪರದೆ ಸರಿಸಿ ಒಳಗೆ ನುಗ್ಗಿದ.

"ಸಾರ್, ಬಂದಾರ! ಫ್ಯಾನಿನ ಕೆಳಗ ಕುಂತಾರ. ಬಿಳಿ ಪಂಚೆ, ಬಿಳಿ ಅಂಗಿ, ಹಣಿಗೆ ಗಂಧ. ಟೋಕನ್ ತಗೋರಿ ಅಂದ್ರ, 'ನನಗೇನೂ ಇಲ್ಲಪಾ, ಸುಮ್ನ ಕುಂತೀನಿ' ಅಂದ್ರು. ಯಾರ ಜೋಡಿನೂ ಮಾತಾಡವಲ್ರು, ಎಲ್ಲಾರ್ನೂ ನೋಡಾಕತ್ತಾರ."

ರೋಗವಿಲ್ಲದೆ ದವಾಖಾನೆಯಲ್ಲಿ ಕೂತು ಜನರನ್ನು ನೋಡುವವನು ಪರಿಶೀಲಕನಲ್ಲದೆ ಮತ್ಯಾರು? ಡಾಕ್ಟರು ತಾವೇ ಹೊರಗೆ ಹೋಗಿ ಕೈಮುಗಿದು ಅವನನ್ನು ಒಳಗೆ ಕರೆದುಕೊಂಡು ಬಂದರು. ಬಂದವನು ಹೆಸರು ಎರ್ರಪ್ಪ ಎಂದು ಹೇಳಿ ಇನ್ನೂ ಏನೋ ಹೇಳಲು ಬಾಯಿ ತೆರೆದ.

"ನೀವೇನೂ ಹೇಳಬ್ಯಾಡ್ರಿ. ನನಗೆಲ್ಲ ಗೊತ್ತೈತಿ" ಎಂದು ಡಾಕ್ಟರು ಕಣ್ಣು ಮಿಟುಕಿಸಿದರು.

ಎರ್ರಪ್ಪನಿಗೆ ಕಾಫಿ ಬಂತು, ಹಿಂದೆಯೇ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಬೇಡ ಬೇಡ ಎಂದರೂ ಬಿ.ಪಿ. ನೋಡಿದರು. ದೊಡ್ಡ ಮನುಷ್ಯರ ಹೃದಯವನ್ನೂ ಒಮ್ಮೆ ನೋಡಿಬಿಡೋಣ ಎಂದು ಮಂಚದ ಮೇಲೆ ಮಲಗಿಸಿ, ಅಂಗಿ ಬಿಚ್ಚಿಸಿ, ಇ.ಸಿ.ಜಿ. ಮಿಷನ್ನಿನ ರಬ್ಬರ್ ಬುಗ್ಗೆಗಳನ್ನು ಎದೆಗೆ ಅಂಟಿಸಿದರು. ಮಲಗಿದವನು ಎದ್ದು ಹೋಗಲಾರ. ಡಾಕ್ಟರು ಕುರ್ಚಿ ಎಳೆದುಕೊಂಡು ತಮ್ಮ ಕತೆ ಶುರುಮಾಡಿದರು.

"ಅವತ್ತು ನನಗ ಮೈಕು ಸಿಕ್ತು ನೋಡ್ರಿ. ಎದ್ದು ನಿಂತೆ. 'ಅಧ್ಯಕ್ಷಾ' ಅಂದೆ..."

"ಹಿಕ್!" ಎಂದಿತು ಹೊರಗೆ ಹಜಾರದಲ್ಲಿ ಯಾವುದೋ ಗಂಟಲು.

ಡಾಕ್ಟರು ತಡೆದು, ಮತ್ತೆ ಶುರುಮಾಡಿದರು. "'ಅಧ್ಯಕ್ಷಾ, ನಮ್ಮ ಗುಮ್ಮಘಟ್ಟ...'"

"ಹಿಕ್!"

"ಯಾವನಲೇ ಅವ, ಮೂಕಪ್ಪ?"

"ಯಾರೋ ಬಿಕ್ಕಳಿಕಿ ಪೇಶೆಂಟ್ರಿ ಸಾರ್. ಬಂದಾಗಿಂದ ಹಿಂಗ ಮಾಡಾಕತ್ತಾನ."

"ಹೊರಗ ಕಟ್ಟಿ ಮ್ಯಾಲ ಕುಂದ್ರಸು. ಸಣ್ಣಕ್ಕನ್ನೂ ಅಲ್ಲೇ ಕುಂದ್ರಸು. ದೊಡ್ಡವರ ಜೋಡಿ ಮಾತಾಡುವಾಗ ಒಂದಿಷ್ಟು ಶಾಂತಿ ಇರ್ಲಿ."

ಮೂಕಪ್ಪ ಇಬ್ಬರನ್ನೂ ಬಿಸಿಲಿನ ಕಟ್ಟೆಗೆ ಸಾಗಿಸಿದ. ಬಿಕ್ಕಳಿಕೆಯವನ ಕಡೆ ಸಣ್ಣಕ್ಕ ಕನಿಕರದಿಂದ ನೋಡಿ, "ಯಾರೋ ಭಾಳ ನೆನಸಾಕತ್ತಾರಪ್ಪ ನಿನ್ನ. ಯಾರು ಅಂತ ಒಬ್ಬೊಬ್ಬರದ ಹೆಸರು ಹೇಳಿಕೊಂತ ಹೋಗು, ಖರೇದು ಬಂದ ಕೂಡ್ಲೇ ನಿಂದರತೈತಿ" ಎಂದಳು. ಅವನು ಪಾಪ ಹೆಂಡತಿಯಿಂದ ಶುರುಮಾಡಿ ನೆಂಟರನ್ನೆಲ್ಲ ಮುಗಿಸಿದ. ಬಿಕ್ಕಳಿಕೆ ನಿಲ್ಲಲಿಲ್ಲ. ಆಮೇಲೆ ಸಣ್ಣಕ್ಕ ಮಾತಿಗೆ ಕೂತಳು, ಅವನು ಏನೇನೋ ಕೇಳಿದ, ಅಕ್ಕಪಕ್ಕದವರೂ ಸೇರಿಕೊಂಡರು. ಒಳಗಿದ್ದ ಡಾಕ್ಟರಿಗೆ ಇದೊಂದೂ ಕೇಳಿಸಲಿಲ್ಲ.

ಒಳಗೆ ಡಾಕ್ಟರು ಮೂರನೆಯ ಸಲ "ಅಧ್ಯಕ್ಷಾ" ಎನ್ನುವುದಕ್ಕೂ ಬೀದಿಯಲ್ಲಿ ಬಸ್ಸಿನ ಹಾರನ್ ಕೇಳುವುದಕ್ಕೂ ಸರಿಹೋಯಿತು. ಎರ್ರಪ್ಪ ದಡಕ್ಕನೆ ಎದ್ದು ಕೂತ.

"ನೇಮಕಲ್ ಬಸ್ಸು ಬಂತ್ರಿ ಸಾರ್! ಹನುಮಪ್ಪನ ದರ್ಶನಕ್ಕ ಹೊಂಟೀನಿ. ಬಿಸಲು ಭಾಳ ಅಂತ ನಿಮ್ಮ ಫ್ಯಾನಿನ ಕೆಳಗ ಕುಂತಿದ್ದೆ. ಕಾಫಿ ಚಲೋ ಇತ್ರಿ. ನಿಮ್ಮ ಹೆಸರಿನ್ಯಾಗ ಒಂದು ಕಾಯಿ ಒಡಸ್ತೀನಿ!"

ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತ, ವೈರುಗಳನ್ನು ಕಿತ್ತು ಎಸೆಯುತ್ತ ಅವನು ಓಡಿದ. ಎದೆಗೆ ಅಂಟಿಸಿದ್ದ ಒಂದು ರಬ್ಬರ್ ಬುಗ್ಗೆ ಅಂಗಿಯೊಳಗೇ ಉಳಿದು ಹನುಮಪ್ಪನ ದರ್ಶನಕ್ಕೆ ಹೊರಟುಹೋಯಿತು.

ಡಾಕ್ಟರು ನೆಲಕ್ಕೆ ಬಿದ್ದ ವೈರುಗಳನ್ನು ಎತ್ತಿ ಸುತ್ತಿಟ್ಟರು. ಆಮೇಲೆ ನಿಟ್ಟುಸಿರು ಬಿಟ್ಟು, "ಮುಂದಿನವರನ್ನ ಕಳಸು" ಎಂದರು.

ಬಂದವನು ಬಿಕ್ಕಳಿಕೆಯವನೇ. ಧೂಳು ಮೆತ್ತಿದ ಪ್ಯಾಂಟು, ಮಾಸಿದ ಅರ್ಧ ತೋಳಿನ ಅಂಗಿ, ಬಿಸಿಲಿಗೆ ಕೆಂಪೇರಿದ ಮುಖ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

"ಹೆಸರು?"

"ತಿಮ್ಮ... ಹಿಕ್! ...ರಾಜು."

"ಊರು?"

"ಮಡಕ... ಹಿಕ್! ...ಶಿರಾ."

ಮಡಕಶಿರಾದಿಂದ ಇಷ್ಟು ದೂರ ಬಿಕ್ಕಳಿಕೆ ಹೊತ್ತುಕೊಂಡು ಯಾಕೆ ಬಂದ ಎಂದು ಡಾಕ್ಟರು ಯೋಚಿಸುವಷ್ಟರಲ್ಲಿ ಮೇಜಿನ ಮೇಲಿನ ಫೋನು ಅಲುಗಿತು. ಪವನ್. "ಸಾರ್, ಮುಂಜಾನೆ ಅರ್ಧಕ್ಕ ಕಟ್ಟಾತ್ರಿ. ಪರಿಶೀಲಕರ ಹೆಸರು ತಿಮ್ಮರಾಜು ಅಂತ. ಪಾಪ, ಬಿಕ್ಕಳಿಕಿ ಹಚ್ಚಿಕೊಂಡು ಒದ್ದಾಡಾಕತ್ತಾರ. ಬಿಸಿಲಾಗ ನಿಂದ್ರಸಬ್ಯಾಡ್ರಿ ಮತ್ತ!"

ಡಾಕ್ಟರ ಅಂಗಿಯ ನಡುವಿನ ಗುಂಡಿ ಟಪ್ಪನೆ ಹಾರಿ ತಿಮ್ಮರಾಜುವಿನ ಕಾಲ ಬಳಿ ಬಿತ್ತು.

"ತಪ್ಪಾತ್ರಿ, ದೊಡ್ಡ ತಪ್ಪಾತು. ನೀವು ಅಂತ ಗೊತ್ತಾಗಲಿಲ್ಲ" ಎಂದು ಅವರು ಕೈಮುಗಿದರು.

"ಬುಡಿ ಡಾಕ್ಟ್ರೆ" ಎಂದ ತಿಮ್ಮರಾಜು ಸುಸ್ತಾಗಿ. "ಕಟ್ಟೆ ಮ್ಯಾಲೆ ಕುಂತಿದ್ದೇ... ಹಿಕ್! ...ಒಳ್ಳೇದಾಯ್ತು. ಒಂದ್ ವಾರ ಆತು ಇದು ಹಿಡ್ಕಂಡು. ಅನಂತಪುರ ಆತು, ಬೆಂಗ್ಳೂರಾತು. ಸೂಜಿ ಚುಚ್ಚಿದ್ರು, ಮಾತ್ರೆ ಕೊಟ್ರು. ಉಣ್ಣಕ್ಕಾಗಲ್ಲ, ಮಲಗಕ್ಕಾಗಲ್ಲ. ನಮ್ಮವ್ವ ಕಂಡ್ ಕಂಡ್ ದ್ಯಾವ್ರಿಗೆಲ್ಲ ಹರಕೆ... ಹಿಕ್! ...ಹೊತ್ತವ್ಳೆ. ಯಾವನು ಹಿಂಗೆ ನೆನೆಸ್ಕಂತಾವ್ನೋ ಕಾಣೆ."

ಡಾಕ್ಟರು ತಲೆ ತಗ್ಗಿಸಿದರು. ಟಿಕೆಟ್ಟು ಹಂಚುವ ಮಾತು ಶುರುವಾದ ಈ ಒಂದು ವಾರ, ಹಗಲಿಲ್ಲ ರಾತ್ರಿಯಿಲ್ಲ, ಪರಿಶೀಲಕ ಯಾವಾಗ ಬರುತ್ತಾನೋ ಎಂದು ನೆನೆದು ನೆನೆದು ಸಾಯುತ್ತಿದ್ದವರು ಅವರೇ. ಎಂ.ಡಿ. ಓದಿದವನು ನಂಬುವ ಮಾತಲ್ಲ ಎಂದು ತಮಗೆ ತಾವೇ ಗದರಿಕೊಂಡರೂ ಒಳಗೊಳಗೇ ನಾಚಿಕೆಯಾಯಿತು.

ಟಾರ್ಚು ತರುವ ನೆವದಲ್ಲಿ ಮೂಕಪ್ಪ ಅವರ ತೋಳು ಹಿಡಿದು ಪಕ್ಕದ ಕೋಣೆಗೆ ಎಳೆದ.

"ಸಾರ್, ನನ್ನ ಮಾತು ಕೇಳ್ರಿ. ಪೂರಾ ನಿಂದ್ರಸಬ್ಯಾಡ್ರಿ. ಇವತ್ತ ಅರ್ಧ ನಿಂದ್ರಸ್ರಿ. ಟಿಕೆಟ್ಟು ಬಂದ ಮ್ಯಾಲ ಉಳದದ್ದು ನೋಡೂಣು."

"ಬಿಕ್ಕಳಿಕಿ ಏನು ಕಲ್ಲಂಗಡಿ ಏನಲೇ, ಅರ್ಧ ಕೊಯ್ದು ಕೊಡಾಕ?"

"ಹಂಗಾರ ಇನ್ನೊಂದು ವಾರ ತಿರುಗಾಡಸ್ರಿ. ಸ್ಕ್ಯಾನಿಂಗ್ ಅನ್ರಿ, ರಕ್ತ ಅನ್ರಿ. ಗರಜು ಇರೋತನಕ ನಿಮ್ಮ ಕೈಯಾಗಿರ್ತಾರ."

ಬೈಯಬೇಕಾದ ಮಾತೇ. ಆದರೂ ಅದರಲ್ಲಿ ಹುರುಳಿತ್ತು. ಮೈಕಿನ ಕೆಂಪು ದೀಪ ಕಣ್ಣ ಮುಂದೆ ಹೊತ್ತಿಕೊಂಡಿತು. ಸಭೆಯ ತಂಪು, ಮೆತ್ತನೆಯ ಬೆಂಚು, ಎತ್ತರದ ಪೀಠ. ಎದ್ದು ನಿಲ್ಲುವುದು, ಪೂರ್ತಿ ಹೇಳುವುದು, ಹೇಳಿ ಕೂರುವುದು. ಅಷ್ಟೇ ಸಾಕಾಗಿತ್ತು ಅವರಿಗೆ, ಮಂತ್ರಿಗಿರಿ ಬೇಕಿರಲಿಲ್ಲ. ಪರದೆಯ ಆಚೆ ತಿಮ್ಮರಾಜು ಮತ್ತೊಮ್ಮೆ ಬಿಕ್ಕಳಿಸಿ, "ಅವ್ವಾ" ಎಂದು ನರಳಿದ.

"ಟಾರ್ಚು ತಾರಲೇ" ಎಂದರು ಡಾಕ್ಟರು.

ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡುವುದು ಅವರ ಹಳೆಯ ರೂಢಿ. ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಬೆನ್ನು ತಟ್ಟಿದರು. ಕತ್ತಿನ ಹಿಂದೆ ಸೊಗಸಾಗಿ ಕತ್ತರಿಸಿದ ಕೂದಲು ಕಂಡು ಕೈ ನಿಂತಿತು.

"ಕಟಿಂಗ್ ಯಾವಾಗ ಮಾಡಿಸಿದ್ರಿ?"

"ಪರಿಶೀಲನೆಗೆ ಹೊಂಡಾಕೆ ಮುಂಚೆ. ಜನ್ರ ಮುಂದೆ ನೀಟಾಗಿರ್ಬೇಕಲ್ಲ... ಹಿಕ್!"

"ಬಿಕ್ಕಳಿಕಿ?"

"ಅವತ್ತು ಸಾಯಂಕಾಲದಿಂದ್ಲೇ."

ಡಾಕ್ಟರ ಮುಖ ಅರಳಿತು. ಕಿವಿ ನೋಡುವ ದುರ್ಬೀನು ತಂದು ಎಡಗಿವಿಗಿಟ್ಟರು, ಏನಿಲ್ಲ. ಬಲಗಿವಿಗಿಟ್ಟರು. ತಳದಲ್ಲಿ, ಕಿವಿಯ ತಮಟೆಗೆ ತಾಗಿಕೊಂಡು, ಕತ್ತರಿಸಿ ಬಿದ್ದ ಒಂದು ಚೂರು ಕೂದಲು. ಅದು ಅಲುಗಿದಾಗಲೆಲ್ಲ ಅಲ್ಲಿಯ ನರ ಕೆರಳಿ ಹೊಟ್ಟೆಯ ಮೇಲಿನ ಪರದೆಯನ್ನು ಕುಣಿಸುತ್ತಿತ್ತು. ಸಣ್ಣ ಚಿಮಟದಿಂದ ಉಸಿರು ಬಿಗಿಹಿಡಿದು ಅದನ್ನು ಹೊರಗೆಳೆದು, ಹತ್ತಿಯ ಮೇಲಿಟ್ಟು ತೋರಿಸಿದರು.

ಎಲ್ಲರೂ ಮುಂದಿನ ಬಿಕ್ಕಳಿಕೆಗಾಗಿ ಕಾದರು. ಬರಲಿಲ್ಲ. ಇನ್ನೂ ಸ್ವಲ್ಪ ಕಾದರು. ತಿಮ್ಮರಾಜು ತನ್ನ ಎದೆಯನ್ನೇ ನಂಬದವನಂತೆ ಮುಟ್ಟಿ ನೋಡಿಕೊಂಡ. ಹೊರಗಿನ ಕಟ್ಟೆಯ ಮೇಲೂ ಮಾತು ನಿಂತಿತ್ತು.

"ಸಪ್ಪಳನ ಇಲ್ಲಲ್ಲೋ ಮೂಕಪ್ಪ, ಹೋಗಿಬಿಟ್ನೇನ ಪಾಪ?" ಎಂದಿತು ಸಣ್ಣಕ್ಕನ ಧ್ವನಿ.

ತಿಮ್ಮರಾಜು ಡಾಕ್ಟರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಡಾಕ್ಟ್ರೆ, ಒಂದ್ ವಾರದಿಂದ ಮುಳುಗೋನಂಗಿದ್ದೆ. ನೀವು ಮನುಷ್ಯ ಅಲ್ಲ, ದ್ಯಾವ್ರು."

"ಅದಿರ್ಲಿ ಬಿಡ್ರಿ" ಎಂದರು ಡಾಕ್ಟರು, ಹಾರಿಹೋದ ಗುಂಡಿಯ ಜಾಗವನ್ನು ಕೈಯಿಂದ ಮುಚ್ಚಿಕೊಂಡು. "ನನ್ನ ವಿಷಯ..."

"ಅದೇ ಕಣ್ರಿ ಸಂಕಟ. ಬೆಳಿಗ್ಗೆ ಮನೆ ಬಿಡುವಾಗ್ಲೇ ನಿಮ್ಮ ಹೆಸರೇ ಅಂತ ಮನಸಿನಾಗೆ ಮಾಡ್ಕಂಡು ಬಂದಿದ್ದೆ. ಕೇಳ್ತಿರೋ ಬ್ಯಾರೆಯೋರಿಗಿಂತ ನೀವು ಎಷ್ಟೋ ವಾಸಿ. ಆಮ್ಯಾಲೆ ಕಟ್ಟೆ ಮ್ಯಾಲೆ ಜನ್ರನ್ನ ಕೇಳ್ದೆ."

"ಏನಂದ್ರು?"

ತಿಮ್ಮರಾಜು ಎದ್ದು ಪರದೆ ಸರಿಸಿದ. ಹಜಾರದಲ್ಲಿ, ಬಾಗಿಲಲ್ಲಿ, ಕಟ್ಟೆಯ ಮೇಲೆ ಜನ ಕತ್ತು ಚಾಚಿ ನಿಂತಿದ್ದರು. "ಅಜ್ಜೀ, ಆಗ ನಂಗೆ ಹೇಳಿದ್ದನ್ನ ಡಾಕ್ಟ್ರಿಗೂ ಹೇಳು. ಇವರು ಎಂಗೆ?"

"ಬಂಗಾರದಂಥಾ ಮನುಷ್ಯ" ಎಂದಳು ಸಣ್ಣಕ್ಕ ಒಂದೇ ಉಸಿರಿಗೆ. "ಇವರ ಕೈಗುಣ ಯಾರಿಗೈತಿ? ಮುಟ್ಟಿದ್ರ ಅರ್ಧ ಬ್ಯಾನಿ ಹೋಗತೈತಿ."

ಡಾಕ್ಟರ ಎದೆ ಉಬ್ಬಿತು. ಇನ್ನೊಂದು ಗುಂಡಿ ಅಪಾಯಕ್ಕೆ ಬಂತು.

"ಚುನಾವಣೆಗೆ ನಿಂತ್ರೆ ವೋಟು ಹಾಕ್ತೀಯಾ?"

"ಅಯ್ಯ, ಬ್ಯಾಡ್ರಪ್ಪೋ!" ಸಣ್ಣಕ್ಕ ಎರಡೂ ಕೈ ಆಡಿಸಿದಳು. "ಆವಾಗ ಹಾಕಿ ಗೆಲ್ಲಿಸಿ ಏನಾತು? ಐದು ವರ್ಷ ಈ ಬಾಗಲಿಗೆ ಬೀಗ. ನಾನು ಈ ಮಂಡಿ ಹೊತಗೊಂಡು ಬಳ್ಳಾರಿತನಕ ಅಲದೆ. ಅದಕ್ಕ ಮುಂದಿನ ಸಲ ನಮ್ಮ ಓಣಿಯಾಗ ಮನಿ ಮನಿಗೆ ಹೋಗಿ, 'ಡಾಕ್ಟ್ರಪ್ಪ ನಮಗ ವಾಪಸ್ ಬೇಕಂದ್ರ ಅವರಿಗೆ ಒತ್ತಬ್ಯಾಡ್ರಿ' ಅಂತ ನಾನ ಹೇಳಿ ಬಂದೆ."

"ನಮ್ಮ ಶೆಡ್ಡಿನವರೂ ಹಂಗ ಮಾಡಿದ್ವಿ ಸಾರ್" ಎಂದ ಸೊಂಟ ಹಿಡಿದ ಟೈಲರ್ ನಾಚುತ್ತ. ಹಿಂದಿನಿಂದ ಇನ್ನೂ ಕೆಲವರು ಹೌದ್ರಿ ಹೌದ್ರಿ ಎಂದರು.

ಡಾಕ್ಟರು ಮೂಕಪ್ಪನ ಕಡೆ ತಿರುಗಿದರು. ಆ ಬಾಯಿ ಮೊದಲ ಸಲ ಮುಚ್ಚಿಕೊಂಡಿತ್ತು. ಆಮೇಲೆ ಅವನು ಕಾಲಿನ ಬೆರಳು ನೋಡುತ್ತ, "ದವಾಖಾನಿ ಇಲ್ದಿದ್ರ ನನಗ ಕೆಲಸ ಎಲ್ಲೈತ್ರಿ ಸಾರ್?" ಎಂದ.

ಇಷ್ಟು ವರ್ಷ ಅವರು ಎದುರಾಳಿಯ ಹೆಂಡ, ಜಾತಿ, ಜೀಪುಗಳನ್ನು ಬೈದುಕೊಂಡು ಬಂದಿದ್ದರು. ಸೋಲಿಸಿದ್ದು ಮಂಡಿನೋವು, ಸೊಂಟನೋವು ಎಂದು ಈಗ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೊನೆಯ ಆಸೆಯಿಂದ ತಿಮ್ಮರಾಜುವಿನ ಮುಖ ನೋಡಿದರು.

"ಜನ ಹಂಗ ಅಂತಾರ್ರಿ. ನೀವು ಮೊದಲು ಅನ್ಕೊಂಡಿದ್ದು..."

"ಇವರು ಹಿಂಗಂದಾಗ್ಲೂ ನಾನು ಮನಸ್ಸು ಬದಲಾಯಿಸಿರ್ಲಿಲ್ಲ ಡಾಕ್ಟ್ರೆ. ಜನ್ರ ಮಾತು ಇದ್ದಿದ್ದೇ, ಹಳ್ಳಿಗೊಂದ್ಸಲ ತಿರುಗಿದ್ರೆ ಸರಿಹೋಯ್ತಾರೆ ಅಂದ್ಕಂಡೆ. ಆದ್ರೆ ಆವಾಗ ನಂಗೆ ಬಿಕ್ಕಳಿಕೆ ಇತ್ತು." ತಿಮ್ಮರಾಜು ತಲೆ ಕೆರೆದುಕೊಂಡ. "ಈಗ ನಿಂತೈತೆ. ಈಗ ನಂಗೂ ಈ ಅಜ್ಜಿ ಮಾತೇ ಸರಿ ಅನ್ನಿಸ್ತೈತೆ."

ಅವನು ಅಲ್ಲೇ ನಿಂತು ಮೇಲಿನವರಿಗೆ ಫೋನು ಹಚ್ಚಿದ. "ಅನ್ನಾ, ರಾಯದುರ್ಗಂ ಡಾಕ್ಟರ್ ಗಾರು ಚಾಲಾ ಗೊಪ್ಪ ಮನಿಷಿ. ಟಿಕೆಟ್ ಮಾತ್ರಂ ವದ್ದು ಅನ್ನಾ. ವದ್ದಂಟೇ ವದ್ದು." ಅಂದರೆ, ಬಹಳ ದೊಡ್ಡ ಮನುಷ್ಯ, ಆದರೆ ಟಿಕೆಟ್ಟು ಮಾತ್ರ ಬೇಡ. ಒಂದು ಬಿಕ್ಕಳಿಕೆಯೂ ಅಡ್ಡ ಬರದೆ ಆ ವಾಕ್ಯ ಸಲೀಸಾಗಿ ಮುಗಿಯಿತು.

ಹೊರಡುವಾಗ ಅವನು ಬಾಗಿಲಲ್ಲಿ ತಿರುಗಿ ನಿಂತ. "ನಮ್ಮವ್ವನಿಗೂ ಮಂಡಿನೋವು ಐತೆ. ಮುಂದಿನ ವಾರ ಕರ್ಕಂಡು ಬತ್ತೀನಿ. ಇಲ್ಲೇ ಇರ್ತೀರಲ್ವಾ ಡಾಕ್ಟ್ರೆ?"

"ಇಲ್ಲದ ಎಲ್ಲಿಗೆ ಹೋಗ್ಲಿ?" ಎಂದರು ಡಾಕ್ಟರು.

ಉಳಿದ ಟೋಕನುಗಳನ್ನೆಲ್ಲ ನೋಡಿ ಮುಗಿಸಿ ಅವರು ಮೆಟ್ಟಿಲು ಹತ್ತಿದಾಗ ಬಿಸಿಲು ಕೋಟೆಗುಡ್ಡದ ಹಿಂದಕ್ಕೆ ಇಳಿಯುತ್ತಿತ್ತು. ಆದಿಲಕ್ಷ್ಮಿ ಮಜ್ಜಿಗೆ ತಂದಿಟ್ಟರು. ಕೆಳಗಿನ ಸುದ್ದಿಯೆಲ್ಲ ಅವರಿಗೆ ಮುಟ್ಟಿತ್ತು. ಮೂಕಪ್ಪ ಇರುವ ಮನೆಯಲ್ಲಿ ಅದೇನು ಕಷ್ಟವಲ್ಲ.

"ನೀನೂ ಹಾಕಿರಲಿಲ್ಲೇನ?" ಎಂದು ಕೇಳಿದರು ಡಾಕ್ಟರು, ಲೋಟ ನೋಡುತ್ತ.

"ನಾನು ನಿಮಗೇ ಹಾಕಿದ್ದೆ ಕಣ್ರೀ. ಸೋತ ದಿನ ದೇವ್ರಿಗೆ ಕಾಯಿ ಒಡೆಸಿದ್ದೆ, ಅಷ್ಟೇಯ."

ಡಾಕ್ಟರು ನಗಲಿಲ್ಲ. ಕಿಟಕಿಯ ಆಚೆ ಗುಮ್ಮಘಟ್ಟದ ರಸ್ತೆ ಕೆಂಪಗೆ ಕಾಣುತ್ತಿತ್ತು. ಇನ್ನು ಆ ಕೆಂಪು ದೀಪ ತಮ್ಮ ಮುಂದೆ ಹೊತ್ತುವುದಿಲ್ಲ ಎಂಬುದು ಅವರಿಗೆ ಆಗ ನಿಜವಾಗಿ ತಿಳಿಯಿತು. ಅರವತ್ತು ದಾಟಿದ ಗಂಡಸು ಇದಕ್ಕೆಲ್ಲ ಅಳಬಾರದು ಎಂದು ಮಜ್ಜಿಗೆ ಕುಡಿದರು. ಆದಿಲಕ್ಷ್ಮಿಗೆ ಬಚ್ಚಲಿನ ಬಾಗಿಲಲ್ಲಿ ದಿನಾ ಕೂಗಿ ಕೂಗಿ ಅಡ್ಡ ಬಂದದ್ದು ನೆನಪಾಗಿರಬೇಕು. ಗೋಡೆಯ ಬಳಿಯ ಎತ್ತರದ ಕುರ್ಚಿಯನ್ನು ಎಳೆದು, ಸೆರಗು ಹೊದ್ದು ನೆಟ್ಟಗೆ ಕೂತರು.

"ನಾನೇ ಅಧ್ಯಕ್ಷೆ ಅಂದ್ಕಳಿ. ಅದೇನೈತೋ ಪೂರ್ತಿ ಹೇಳ್ಬುಡಿ ಇವತ್ತು. ನಾನು ಸೊಲ್ಲೆತ್ತಲ್ಲ."

"ಹುಚ್ಚಿ ಏನ ನಿನಗ?"

"ಹೇಳೀಂದ್ರೆ."

ಡಾಕ್ಟರು ಎದ್ದು ನಿಂತರು. ಕೊರಳಲ್ಲಿದ್ದ ಸ್ಟೆತಸ್ಕೋಪಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದು, ಈ ಸಲ ತಮ್ಮ ಮಾತಿನಲ್ಲೇ ಶುರುಮಾಡಿದರು.

"ಅಧ್ಯಕ್ಷಾ, ನಮ್ಮ ಗುಮ್ಮಘಟ್ಟ ಮಂಡಲದಾಗ ದಿನ ತುಂಬಿದ ಹೆಣ್ಣುಮಕ್ಕಳು..."

ಇಷ್ಟು ದೂರ ಆ ವಾಕ್ಯ ಹಿಂದೆಂದೂ ಬಂದಿರಲಿಲ್ಲ. ಡಾಕ್ಟರ ಕಣ್ಣು ಹೊಳೆಯಿತು.

"...ಹಿಕ್!"

ಡಾಕ್ಟರು ಬಾಯಿ ಮುಚ್ಚಿಕೊಂಡರು. ಮತ್ತೊಮ್ಮೆ ಬಂತು. ಆಮೇಲೆ ಮತ್ತೊಮ್ಮೆ. ಸೊಲ್ಲೆತ್ತುವುದಿಲ್ಲ ಎಂದಿದ್ದ ಅಧ್ಯಕ್ಷೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಯಾರೋ ನೆನೆಸ್ಕಂತಾವ್ರೆ ಕಣ್ರೀ."

ನಂಬಬಾರದು ಎಂದುಕೊಂಡರೂ ಡಾಕ್ಟರ ಮನಸ್ಸು ಫೋನಿನ ಕಡೆ ಹೋಯಿತು. ತಿಮ್ಮರಾಜು ದಾರಿಯಲ್ಲಿ ಮನಸ್ಸು ಬದಲಾಯಿಸಿರಬಹುದೆ? ಮೇಲಿನವರು ಅವನ ಮಾತು ತಳ್ಳಿಹಾಕಿರಬಹುದೆ? ಕೈಚಾಚಿ ಫೋನು ತೆಗೆದುಕೊಳ್ಳುವಷ್ಟರಲ್ಲಿ ಕೆಳಗೆ ಆಟೋದ ಹಾರನ್ ಬಿಡದೆ ಬಡಿದುಕೊಂಡಿತು.

ಕಿಟಕಿಯಿಂದ ಬಗ್ಗಿ ನೋಡಿದರೆ ಯುವರಾಜ್ ಆಟೋ ಇಳಿದು ಕೈಬೀಸುತ್ತಿದ್ದ. ಹಿಂದಿನ ಸೀಟಿನಲ್ಲಿ ರಮ್ಯಾ ಕಂಬಿ ಹಿಡಿದು ಹಲ್ಲು ಕಚ್ಚಿದ್ದಳು. ಪಕ್ಕದಲ್ಲಿ ಸಣ್ಣಕ್ಕ, ಮಂಡಿನೋವು ಮರೆತು ಅರ್ಧ ಎದ್ದು ನಿಂತಿದ್ದಳು.

"ಲಗೂ ಬಾರೋ ಡಾಕ್ಟ್ರಪ್ಪ! ದಾರಿ ತುಂಬ ನಿನ್ನನ್ನ ನೆನಸ್ಕೊಂತ ಬಂದೀವಿ. ಇನ್ನೊಂದು ಗಳಿಗಿ ತಡಿಯಂಗಿಲ್ಲ ಇಕಿ!"

ಡಾಕ್ಟರು ಕೊರಳಿನ ಸ್ಟೆತಸ್ಕೋಪು ಸರಿಮಾಡಿಕೊಂಡು ಮೆಟ್ಟಿಲ ಕಡೆ ಓಡಿದರು. ಬಾಗಿಲಲ್ಲಿ ಒಂದು ಕ್ಷಣ ತಡೆದು ತಿರುಗಿ ನೋಡಿದರು. ಹೇಳಬೇಕಾದದ್ದು ಇನ್ನೂ ಬಾಯಲ್ಲೇ ಇತ್ತು.

"ಹೋಗಿ ಹೋಗಿ" ಎಂದು ಆದಿಲಕ್ಷ್ಮಿ ಕುರ್ಚಿಯಿಂದೆದ್ದರು. "ಸಭೆ ಮುಂದಕ್ಕೆ ಹಾಕೈತೆ."

ಹಾಗೆಂದು ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ನೀರು ಕಾಯಿಸಲು ಅಡುಗೆಮನೆಗೆ ಹೋದರು.